ಠಾಣೆಯ ಕಬ್ಬಿಣದ ಕಪಾಟಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕಬ್ಬಿಣದ ಕಪಾಟಿನವರು,
ದಾಖಲೆ ವಿಭಾಗ (ಠಾಣೆ ಯಾವುದಾದರೂ ಅಡ್ಡಿಯಿಲ್ಲ),
ಮುಕ್ಕಾಂ ಪುಣೆ.

ವಿಷಯ: ಮಾರ್ಕೆಟ್ ಯಾರ್ಡಿನ ಕನ್ನಡಿಗರು ಪೊಲೀಸ್ ಮತ್ತು ಕೋರ್ಟಿನ ಕಾಗದಗಳ ನಕಲು ಕೇಳುವ ಕ್ರಮದ ಬಗ್ಗೆ.

ಮಾನ್ಯರೇ,

ಪೊಲೀಸ್ ದಾಖಲೆಗೆ ಕಾಯ್ದೆಯ ಪ್ರಕಾರ ಒಡೆಯರು ಬಹಳ. ಫಿರ್ಯಾದಿ, ಆರೋಪಿ, ನೊಂದವರು, ಮಾಹಿತಿ ಅಧಿಕಾರಿ, ನ್ಯಾಯಾಲಯ ಎಲ್ಲರಿಗೂ ಅದರಲ್ಲಿ ಒಂದೊಂದು ಪಾಲಿದೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುವುದು ಮಾತ್ರ ಕಪಾಟು. ಅಧಿಕಾರಿಗೆ ವರ್ಗವಾಗುತ್ತದೆ, ಕಾರಕೂನರು ರಜೆಯ ಮೇಲಿರುತ್ತಾರೆ, ಸಾಹೇಬರು ಗಣೇಶೋತ್ಸವಕ್ಕೋ ಪಾಲಖಿಗೋ ಬಂದೋಬಸ್ತಿಗೆ ಹೋಗಿರುತ್ತಾರೆ. ಇದ್ದಲ್ಲೇ ಇರುವವರು ಕಪಾಟಿನವರೊಬ್ಬರೇ ಆದ್ದರಿಂದ ಪತ್ರ ಅವರ ಹೆಸರಿಗೇ ಬಂದಿದೆ.

ದಾಖಲೆ ಕೇಳುವ ಮೊದಲ ನಿಯಮ ಯಾವ ಕಾಯ್ದೆಯಲ್ಲೂ ಅಚ್ಚಾಗಿಲ್ಲ. ಕಾಗದದಲ್ಲಿ ಏನಿದೆ ಎಂದು ಮೊದಲೇ ಗೊತ್ತಿದ್ದವರಿಗೆ ಕಾಗದ ಸಿಗುತ್ತದೆ, ಅಷ್ಟೆ. ಎಫ್ಐಆರ್ ನಕಲು ಬೇಕೆಂದರೆ ‘ಗು.ರ. ನಂಬರ್ ಎಷ್ಟು?’ ಎಂಬ ಪ್ರಶ್ನೆ ಬರುತ್ತದೆ. ಗುನ್ಹಾ ರಜಿಸ್ಟರಿನ ಆ ನಂಬರು ಇರುವುದು ಎಫ್ಐಆರ್ ಮೇಲೆ, ಎಫ್ಐಆರ್ ಇರುವುದು ಕಪಾಟಿನೊಳಗೆ.

ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನವರಿಗೆ ಇದು ಅರ್ಥವಾಗುವುದು ತುಸು ಕಷ್ಟ. ಅಲ್ಲಿ ಕಾಗದವಿಲ್ಲದೆ ಒಂದು ಚೀಲ ಅಲುಗಾಡುವುದಿಲ್ಲ, ಕಾಗದಕ್ಕಾಗಿ ಯಾರೂ ಅರ್ಜಿ ಹಾಕುವುದೂ ಇಲ್ಲ. ಲಾರಿಯ ಜೊತೆ ಬಿಲ್ಟಿ ಬರುತ್ತದೆ, ಮಾಲು ಹರಾಜಾದ ಮೇಲೆ ಆಡತಿಯವರು ಪಟ್ಟಿ ಬರೆದು ಕೊಡುತ್ತಾರೆ. ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಹಮಾಲಿಗೆ ಎಷ್ಟು ಹೋಯಿತು, ತೂಕದವರಿಗೆ ಎಷ್ಟು ಹೋಯಿತು ಎಲ್ಲವೂ ಒಂದು ಗೇಣು ಕಾಗದದಲ್ಲಿರುತ್ತದೆ. ರೈತ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಳಿಸಿ, ಮೇಲಿನಿಂದ ಒಮ್ಮೆ ತಟ್ಟಿ ನೋಡಿಕೊಂಡೇ ಸ್ವಾರಗೇಟಿನ ಬಸ್ಸು ಹಿಡಿಯುತ್ತಾನೆ. ಬ್ಯಾಡಗಿ ಮೆಣಸಿನಕಾಯಿಯ ಚೀಲದ ಮೇಲೆ ಊರಿನ ಗುರುತಿರುತ್ತದೆ. ಠಾಣೆಯ ಕಾಗದಕ್ಕೂ ಗುರುತಿದೆ, ಆದರೆ ಅದು ಮಾಲಿನ ಒಡೆಯನಿಗೆ ಕಾಣದ ಕಡೆ ಇದೆ.

ಒಂದು ಉದಾಹರಣೆ ಹಿಡಿದು ಹೋದರೆ ದಾರಿ ಸ್ಪಷ್ಟವಾಗುತ್ತದೆ. ಇಂಡಿ ತಾಲ್ಲೂಕಿನಿಂದ ದುಡಿಯಲು ಬಂದ ಹಮಾಲರೊಬ್ಬರು ಬೆಳಗಿನ ಜಾವ ಯಾರ್ಡಿನ ಹೊರಗಿನ ರಸ್ತೆಯಲ್ಲಿ ಟೆಂಪೊ ಬಡಿದು ಕಾಲು ಮುರಿದುಕೊಂಡರು ಎಂದಿಟ್ಟುಕೊಳ್ಳಬಹುದು. ಅವರಿಗೆ ಬೇಕಾಗುವ ಕಾಗದಗಳು ಎಫ್ಐಆರ್, ಸ್ಥಳದ ಪಂಚನಾಮೆ, ಮುಂದೆ ದೋಷಾರೋಪ ಪಟ್ಟಿ. ಫಿರ್ಯಾದಿ ಅಥವಾ ನೊಂದವರಿಗೆ ಎಫ್ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೀಗೆ ಹೇಳುತ್ತದೆ. ಘಟನೆ ನಡೆದದ್ದು ಪಕ್ಕದ ಠಾಣೆಯ ಹದ್ದಿನಲ್ಲಿ ಎಂಬುದು ಫಿರ್ಯಾದಿ ಬರೆದುಕೊಳ್ಳದಿರಲು ಕಾರಣವಲ್ಲವೆಂದೂ ಅದೇ ಕಲಂ ಹೇಳುತ್ತದೆ. ಮಹಾರಾಷ್ಟ್ರ, ಕರ್ನಾಟಕ ಎರಡು ರಾಜ್ಯಗಳ ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗದೆ ಉಳಿದಿರುವ ದೇಶದಲ್ಲಿ, ಎರಡು ಠಾಣೆಗಳ ಗಡಿಯನ್ನು ಒಂದೇ ಕಲಮಿನಲ್ಲಿ ಅಳಿಸಿದ್ದು ಸಣ್ಣ ಸಾಧನೆಯಲ್ಲ. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ಪೊಲೀಸರೇ ತಿಳಿಸಬೇಕೆಂಬ ಮಾತೂ 193ನೇ ಕಲಮಿನಲ್ಲಿದೆ.

ನಂಬರು ಗೊತ್ತಿಲ್ಲದವರಿಗೂ ಒಂದು ದಾರಿಯಿದೆ. ಎಫ್ಐಆರ್ ದಾಖಲಾದ 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರಿನಲ್ಲಿ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಆದೇಶಿಸಿತು. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಮಹಾರಾಷ್ಟ್ರ ಪೊಲೀಸರ ನಾಗರಿಕ ಪೋರ್ಟಲಿನಲ್ಲಿ ಜಿಲ್ಲೆ, ಠಾಣೆ, ತಾರೀಖು ಹಾಕಿ ಹುಡುಕಿದರೆ ಪ್ರತಿ ಸಿಗುತ್ತದೆ, ಮರಾಠಿಯಲ್ಲಿ. ಕೀಲಿಯಿಲ್ಲದೆ ತೆರೆಯುವ ಈ ಹೊಸ ಕಪಾಟಿನ ಬಗ್ಗೆ ಹಳೆಯ ಕಪಾಟಿಗೆ ಎಷ್ಟು ಹೊಟ್ಟೆಕಿಚ್ಚಿದ್ದರೂ ತಕರಾರು ಹಾಕುವಂತಿಲ್ಲ. ಆದರೆ ದೋಷಾರೋಪ ಪಟ್ಟಿಗೆ ಈ ಭಾಗ್ಯವಿಲ್ಲ. ಅದು ಹಾಗೆ ಎಲ್ಲರಿಗೂ ತೆರೆದಿಡಬೇಕಾದ ಸಾರ್ವಜನಿಕ ದಾಖಲೆಯಲ್ಲವೆಂದು 2023ರ ಜನವರಿಯಲ್ಲಿ ಸೌರವ್ ದಾಸ್ ಪ್ರಕರಣದಲ್ಲಿ ತೀರ್ಪಾಗಿದೆ.

ರಸ್ತೆ ಅಪಘಾತದವರಿಗೆ ಇನ್ನೊಂದು ಅನುಕೂಲವಿದೆ, ಇದು ಅನೇಕರಿಗೆ ತಿಳಿದಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು, ಗಾಯಾಳುವಿಗೂ ಕೊಡಬೇಕು. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಪರಿಹಾರದ ಅರ್ಜಿಯನ್ನು ಗಾಯಾಳು ವಾಸವಿರುವ ಊರಿನ ಕಡೆಯೂ ಹಾಕಬಹುದು. ಹಾಗಾಗಿ ಇಂಡಿಯವರು ಊರಿಗೆ ಮರಳಿದ್ದರೆ ವಿಜಯಪುರದಲ್ಲೇ ಕೇಸು ನಡೆಸಬಹುದು. ಆಗ ಪುಣೆಯ ಮರಾಠಿ ಪಂಚನಾಮೆ ಗಡಿ ದಾಟಿ ಬಂದು ಅನುವಾದಕ್ಕೆ ಕಾಯುತ್ತಾ ಕೂರುತ್ತದೆ.

ಹಕ್ಕಿನಿಂದ ಕೊಡಬೇಕಾದ್ದು ಕೈಗೆ ಬರದಿದ್ದಾಗ, ಅಥವಾ ಕೇಳುವವರು ಪ್ರಕರಣದಲ್ಲಿ ಯಾರೂ ಅಲ್ಲದಿದ್ದಾಗ, ಮಾಹಿತಿ ಹಕ್ಕಿನ ಸರದಿ. 2005ರ ಅಕ್ಟೋಬರ್ 12ರಂದು ಆ ಕಾಯ್ದೆ ಜಾರಿಗೆ ಬಂದಾಗ ದೇಶದ ಮೊಟ್ಟಮೊದಲ ಅರ್ಜಿ ಸಲ್ಲಿಕೆಯಾದದ್ದು ಪುಣೆಯ ಒಂದು ಪೊಲೀಸ್ ಠಾಣೆಗೆ. ಪುಣೆಯ ಕಪಾಟುಗಳು ಇದನ್ನು ಗೌರವವೆಂದು ತಿಳಿದವೋ ಅವಮಾನವೆಂದು ತಿಳಿದವೋ, ದಾಖಲೆಯಿಲ್ಲ.

ಅರ್ಜಿಯ ಕ್ರಮ ಸರಳ. ಮಹಾರಾಷ್ಟ್ರದಲ್ಲಿ ಅದಕ್ಕೆ ‘ಜೋಡಪತ್ರ ಅ’ ಎಂಬ ನಮೂನೆಯಿದೆ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಶುಲ್ಕ ಸಂದಿತು. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ನಕಲಿಗೆ ಪುಟಕ್ಕೆ 2 ರೂಪಾಯಿ. ಯಾಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಮಹಾರಾಷ್ಟ್ರ 2012ರಲ್ಲಿ ಈ ಮಿತಿ ಹಾಕಿತು, ಕರ್ನಾಟಕ ಅದಕ್ಕೂ ಮೊದಲೇ ಹಾಕಿಕೊಂಡಿತ್ತು. ಜಗಳವಾಡುವ ನೆರೆಹೊರೆಯವರು ಒಮ್ಮತಕ್ಕೆ ಬಂದ ಅಪರೂಪದ ಸಂಗತಿ. ಪ್ರಸ್ತುತ ಪತ್ರ ಆ ಮಿತಿಯನ್ನು ಯಾವಾಗಲೋ ದಾಟಿರುವುದರಿಂದ, ಇದನ್ನು ತಿರಸ್ಕರಿಸುವ ಪೂರ್ಣ ಅಧಿಕಾರ ಕಪಾಟಿನವರಿಗಿದೆ.

ಭಾಷೆಯ ಪ್ರಶ್ನೆ ಯಾರ್ಡಿನ ಕನ್ನಡಿಗರಿಗೆ ಮುಖ್ಯವಾದದ್ದು. ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ ಒಪ್ಪುವುದು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆ. ಪುಣೆಯಲ್ಲಿ ಕನ್ನಡದ ಅರ್ಜಿ ಹಾಕಲು ಬರುವುದಿಲ್ಲ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಬರೆದು ಕೊಡಲು ಆಗದವರು ಬಾಯಲ್ಲಿ ಹೇಳಿದರೆ ಮಾಹಿತಿ ಅಧಿಕಾರಿಯೇ ಅದನ್ನು ಬರಹಕ್ಕಿಳಿಸಲು ನೆರವಾಗಬೇಕು. ಇಪ್ಪತ್ತು ವರ್ಷ ಹಮಾಲಿ ಮಾಡಿ ಮರಾಠಿಯಲ್ಲಿ ಸಲೀಸಾಗಿ ಜಗಳವಾಡಬಲ್ಲವರೂ ಮರಾಠಿ ಬರೆಯಬಲ್ಲವರಾಗಿರುವುದಿಲ್ಲ. ಈ ಸಾಲು ಅವರಿಗಾಗಿಯೇ ಇದೆ. ಈ ನೆರವನ್ನು ಕೇಳಿ ಪಡೆದವರು ವಿರಳ.

ಅರ್ಜಿಯಲ್ಲಿ ‘ನನ್ನ ಕೇಸಿನ ಮಾಹಿತಿ ಕೊಡಿ’ ಎಂದು ಬರೆಯುವುದು ಮಾಲಿನ ಹೆಸರು ಹೇಳದೆ ದರ ಕೇಳಿದ ಹಾಗೆ. ಇಂಥ ತಾರೀಖಿನ ಠಾಣೆ ಡೈರಿಯ ನಮೂದು, ಇಂಥ ಅರ್ಜಿಯ ಮೇಲಾದ ಕ್ರಮದ ಪ್ರತಿ, ಜಾವಕ್ (ಹೊರಹೋಗುವ ಟಪಾಲಿನ) ರಜಿಸ್ಟರಿನ ಇಂಥ ಪುಟ ಎಂದು ಹೆಸರಿಸಬೇಕು. ಕಡತವನ್ನೇ ಕಣ್ಣಾರೆ ನೋಡುವ ಹಕ್ಕೂ ಇದೆ. ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಕಾಪಾಡುವ ವ್ಯವಸ್ಥೆಯಿರಬೇಕೆಂದು 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಾದ್ದರಿಂದ ಅದನ್ನೂ ಕೇಳಬಹುದು, ತಡ ಮಾಡದಿದ್ದರೆ.

ಉತ್ತರಕ್ಕೆ 30 ದಿನ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಅರ್ಜಿ ತಪ್ಪು ಬಾಗಿಲಿಗೆ ಹೋಗಿದ್ದರೆ 5 ದಿನಗಳಲ್ಲಿ ಅವರೇ ಸರಿಯಾದ ಬಾಗಿಲಿಗೆ ದಾಟಿಸಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಕಚೇರಿಗಳಲ್ಲಿ ಅದನ್ನು ಗೋಡೆಯ ಮೇಲೆ ಬರೆಯುವುದಿಲ್ಲ, ‘ಉದ್ಯಾ ಯಾ’ ಎಂದು ಬಾಯಲ್ಲೇ ಹೇಳುತ್ತಾರೆ. ಬಾಯಿಮಾತಿಗೆ ಮೇಲ್ಮನವಿ ಇಲ್ಲ. ಅರ್ಜಿಯ ಎರಡನೇ ಪ್ರತಿಯ ಮೇಲೆ ತಾರೀಖು ಸಮೇತ ಸ್ವೀಕೃತಿಯ ಠಸ್ಸೆ ಬೀಳದೆ ಆ 30 ದಿನಗಳ ಎಣಿಕೆ ಯಾರ ಲೆಕ್ಕದಲ್ಲೂ ಶುರುವಾಗುವುದಿಲ್ಲ.

ನಿರಾಕರಣೆಗೆ ಕಪಾಟಿನವರ ಮೆಚ್ಚಿನ ಆಯುಧ ಅದೇ ಕಾಯ್ದೆಯ 8(1)(ಎಚ್) ಕಲಂ, ಅಂದರೆ ತನಿಖೆಗೆ ಅಡ್ಡಿ. ತನಿಖೆ ನಡೆಯುತ್ತಿದೆ ಎಂದಷ್ಟೇ ಹೇಳಿದರೆ ಸಾಲದು, ಮಾಹಿತಿ ಕೊಟ್ಟರೆ ಅಡ್ಡಿ ಹೇಗಾಗುತ್ತದೆ ಎಂದು ತೋರಿಸಬೇಕೆಂದು ದೆಹಲಿ ಹೈಕೋರ್ಟ್ 2007ರ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಎರಡನೆಯ ಆಯುಧ ‘ಕಡತ ಸಿಗುತ್ತಿಲ್ಲ’. ಹುಡುಕದೆ, ವಿಚಾರಣೆ ಮಾಡದೆ ಹಾಗೆನ್ನುವಂತಿಲ್ಲವೆಂದು ಅದೇ ಹೈಕೋರ್ಟ್ 2013ರಲ್ಲಿ ಭಾಂಬುರ್ಕರ್ ಪ್ರಕರಣದಲ್ಲಿ ಹೇಳಿತು. ಕಡತ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ಬಂದೋಬಸ್ತ್ ನಕಾಶೆಯ ಹಿಂದೆ ಸಿಕ್ಕಿಕೊಂಡಿದ್ದರೆ ಅದು ಕಾಣೆಯಾದಂತಲ್ಲ.

ಮುಂದಿನ ಮೆಟ್ಟಿಲು, ಅದೇ ಇಲಾಖೆಯ ಮೇಲಧಿಕಾರಿಗೆ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅದರ ಮೇಲಿನದು, 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಪುಣೆಯಲ್ಲೇ ಇರುವುದರಿಂದ ಮುಂಬಯಿ ಬಸ್ಸಿನ ಖರ್ಚು ಉಳಿಯುತ್ತದೆ. ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಕಪಾಟಿಗೆ ದಂಡವಿಲ್ಲ. ಪುಣೆಯ ಸುತ್ತ ಈ ಹಕ್ಕನ್ನು ಚಲಾಯಿಸುವುದು ಬರೀ ಕಾಗದದ ವ್ಯವಹಾರವಾಗಿಯೂ ಉಳಿದಿಲ್ಲ. ಭೂ ವ್ಯವಹಾರಗಳನ್ನು ಬಯಲಿಗೆಳೆದ ಸತೀಶ್ ಶೆಟ್ಟಿಯವರನ್ನು 2010ರ ಜನವರಿ 13ರಂದು ತಳೇಗಾಂವ್ ದಾಭಾಡೆಯಲ್ಲಿ ಬೆಳಗಿನ ವಾಕಿಂಗ್‌ಗೆ ಹೋಗಿದ್ದಾಗ ಕೊಂದರು. ಈ ವಿಷಯದಲ್ಲಿ ತಮಾಷೆಗೆ ಜಾಗವಿಲ್ಲ.

ಕಾಗದ ಗುಲ್ಟೇಕಡಿಯಿಂದ ಶಿವಾಜಿನಗರದ ಜಿಲ್ಲಾ ನ್ಯಾಯಾಲಯಕ್ಕೆ ಹೋದ ಕೂಡಲೇ ಅದರ ಸ್ವಭಾವ ಬದಲಾಗುತ್ತದೆ. ಠಾಣೆಯಲ್ಲಿ ಕಾರಣ ಕೇಳುವಂತಿರಲಿಲ್ಲ, ಇಲ್ಲಿ ಪಕ್ಷಕಾರರಲ್ಲದವರು ಕಾರಣ ಹೇಳಲೇಬೇಕು. ನ್ಯಾಯಾಲಯದ ಕಡತಗಳ ನಕಲನ್ನು ಹೈಕೋರ್ಟಿನ ನಿಯಮಗಳಂತೆಯೇ ಪಡೆಯಬೇಕು, ಮಾಹಿತಿ ಹಕ್ಕಿನಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ತೀರ್ಮಾನಿಸಿತು. ಆರೋಪಿಗೆ, ಮತ್ತು ವಕೀಲರನ್ನಿಟ್ಟುಕೊಂಡ ನೊಂದವರಿಗೆ, ಪೊಲೀಸ್ ವರದಿ, ಹೇಳಿಕೆಗಳು ಎಲ್ಲವನ್ನೂ ಪುಕ್ಕಟೆ ಕೊಡಬೇಕು, ಆರೋಪಿ ಹಾಜರಾದ 14 ದಿನಗಳೊಳಗೆ.

ಇಲ್ಲೂ ನಂಬರಿನ ಮಹಿಮೆಯೇ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರತಿ ಪ್ರಕರಣಕ್ಕೆ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರಿದೆ, ಪುಣೆಯದು ಎಂ.ಎಚ್.ಪಿ.ಯು. ಎಂದು ಶುರುವಾಗುತ್ತದೆ. ಅದಿಲ್ಲದಿದ್ದರೆ ಪಕ್ಷಕಾರರ ಹೆಸರಿನಿಂದಲೋ, ಠಾಣೆ ಮತ್ತು ಎಫ್ಐಆರ್ ನಂಬರಿನಿಂದಲೋ ಹುಡುಕಬಹುದು. ಹೆಸರಿನಿಂದ ಹುಡುಕುವವರು ಗುಮಾಸ್ತರು ಆ ಹೆಸರನ್ನು ಹೇಗೆ ಬರೆದುಕೊಂಡಿರಬಹುದೆಂದು ಊಹಿಸಬೇಕು. ಬಸಪ್ಪ ಬಾಸಾಪ್ಪಾ ಆಗಿರುತ್ತಾರೆ, ಹಿರೇಮಠ ಹಿರೆಮಟ್ ಆಗಿರುತ್ತಾರೆ. ಆದೇಶ, ತೀರ್ಪುಗಳನ್ನು ಅಲ್ಲಿಂದ ಖರ್ಚಿಲ್ಲದೆ ಇಳಿಸಿಕೊಳ್ಳಬಹುದು. ಓದಿಕೊಳ್ಳಲು ಅದು ಸಾಕು, ಮೇಲಿನ ಕೋರ್ಟಿಗೆ ದೃಢೀಕೃತ ನಕಲೇ ಬೇಕು. ಅದಕ್ಕೆ ನಕಲು ವಿಭಾಗದಲ್ಲಿ ಸ್ಟಾಂಪ್ ಹಚ್ಚಿದ ಅರ್ಜಿ ಕೊಡಬೇಕು. ಪ್ರಕರಣದ ಸಂಖ್ಯೆ, ಯಾವ ತಾರೀಖಿನ ಯಾವ ಕಾಗದ, ಪ್ರಕರಣ ಮುಗಿದಿದ್ದರೆ ಮುಗಿದ ದಿನ ಎಲ್ಲವನ್ನೂ ಬರೆದು.

ನಕಲು ತಡವಾಗುತ್ತದೆಂಬುದನ್ನು ಕಾಯ್ದೆ ಬರೆದವರು ಮೊದಲೇ ಲೆಕ್ಕ ಹಾಕಿದ್ದರು. 1963ರ ಕಾಲಮಿತಿ ಕಾಯ್ದೆಯ 12ನೇ ಕಲಮಿನಂತೆ ನಕಲು ತಯಾರಾಗಲು ಹಿಡಿದ ದಿನಗಳನ್ನು ಮೇಲ್ಮನವಿಯ ಅವಧಿಯಿಂದ ಕಳೆಯಲಾಗುತ್ತದೆ. ಹಾಗಾಗಿ ನಕಲಿನ ಮೇಲೆ ಬರೆಯುವ ತಾರೀಖುಗಳನ್ನು ಕೌಂಟರಿನಲ್ಲೇ ಓದಿಕೊಳ್ಳಬೇಕು: ಅರ್ಜಿ ಬಂದ ದಿನ, ನಕಲು ತಯಾರಾದ ದಿನ, ಕೈಗೆ ಕೊಟ್ಟ ದಿನ. ಮೊದಲನೆಯದರಿಂದ ಎರಡನೆಯದರವರೆಗಿನ ವಿಳಂಬ ಸರ್ಕಾರದ ಲೆಕ್ಕಕ್ಕೆ, ಎರಡನೆಯದರಿಂದ ಮೂರನೆಯದರವರೆಗಿನದು ಅರ್ಜಿದಾರರ ಲೆಕ್ಕಕ್ಕೆ.

ಇತಿ,
ಅರ್ಜಿದಾರರು

ಅಡಕ: 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಒಂದು.