ಒಂದು ಬೈಟು ಹೆಚ್ಚಾದ ಮೈಸೂರ್‌ಪಾಕ್

ನಮ್ಮ ಮನೆಯ ರೋಬೊಟ್‌ಗೆ ಕನ್ನಡ ಬರುವುದಿಲ್ಲವೆಂದು ನನ್ನ ಅಣ್ಣನ ಮಗ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಶುದ್ಧ ಅಪಪ್ರಚಾರ. ಬರುತ್ತದೆ. 32 ಬೈಟಿನಷ್ಟು ಬರುತ್ತದೆ. ಅದಕ್ಕಿಂತ ಹೆಚ್ಚಿಗೆ ಬರಬೇಕೆನ್ನಲು ಅದೇನು ನಿಘಂಟು ಬರೆಯಲು ಕೂತಿದೆಯೇ?

ರೋಬೊಟ್ ಎಂದೊಡನೆ ಕೈಕಾಲು ಕಲ್ಪಿಸಿಕೊಳ್ಳಬೇಡಿ. ಒಂದು ಅಕ್ರಿಲಿಕ್ ಹಲಗೆ, ಎರಡು ಹಳದಿ ಬಿಓ ಮೋಟರು, ಎರಡು ಚಕ್ರ, ಮುಂದೆ ಒಂದು ಪುಟ್ಟ ಗಾಲಿ, ಮಿದುಳಿನ ಜಾಗದಲ್ಲಿ ಇಎಸ್‌ಪಿ32 ಎಂಬ ಬೋರ್ಡು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದನ್ನೆಲ್ಲ ಕೊಳ್ಳುವಾಗ ಅಂಗಡಿಯ ಹುಡುಗ "ಮಗನ ಪ್ರಾಜೆಕ್ಟಾ ಆಂಟಿ?" ಎಂದ. "ಅಲ್ಲಪ್ಪ, ನಂದೇ" ಎಂದೆ. ಕೇಳದೆಯೇ ಬಿಲ್ಲಿನಲ್ಲಿ ಚಿಲ್ಲರೆ ಬಿಟ್ಟ. ಗೌರವಕ್ಕೋ ಕನಿಕರಕ್ಕೋ ತಿಳಿಯಲಿಲ್ಲ. ಫೋನಿನಲ್ಲಿ ಒತ್ತಿದರೆ ಅದು ಹಾಲಿನಿಂದ ಹೊರಟು ನಾನಿರುವ ಅಡುಗೆಮನೆಗೆ ನನ್ನ ಕನ್ನಡಕ ತಂದುಕೊಡಬೇಕು, ಯೋಜನೆ ಇಷ್ಟೇ. "ಕನ್ನಡಕವನ್ನ ಅದರ ಮೇಲೆ ಇಡೋರು ಯಾರು?" ಎಂದು ನಮ್ಮವರು ಕೇಳಿದರು. ಅವರಿಗೆ ವಿಜ್ಞಾನದಲ್ಲಿ ಆಸಕ್ತಿ ಕಡಿಮೆ.

ಮೊದಮೊದಲ ತಕರಾರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಥದ್ದನ್ನು ಕಟ್ಟಿದವರೆಲ್ಲ ಅವನ್ನು ದಾಟಿಯೇ ಬಂದಿರುತ್ತಾರೆ. ಸೀರಿಯಲ್ ಮಾನಿಟರ್ ತೆರೆದರೆ ಬರೀ ಚೌಕ, ಪ್ರಶ್ನಾರ್ಥಕ, ಅರ್ಧಂಬರ್ಧ ಗೀಟು. ಬೋರ್ಡು 115200ರ ವೇಗದಲ್ಲಿ ಮಾತಾಡುತ್ತಿದೆ, ಕಂಪ್ಯೂಟರು 9600ರಲ್ಲಿ ಕೇಳಿಸಿಕೊಳ್ಳುತ್ತಿದೆ. ಎರಡಕ್ಕೂ ಒಂದೇ ವೇಗ ಕೊಟ್ಟೆ. ಆಮೇಲೆ, ಚಕ್ರ ತಿರುಗಲು ಶುರುವಾದ ಗಳಿಗೆಯಲ್ಲೇ ಬೋರ್ಡು 'ಬ್ರೌನ್‌ಔಟ್' ಎಂದು ಒಂದು ಸಾಲು ಉಸುರಿ ಕಣ್ಣುಮುಚ್ಚಿ, ಮತ್ತೆ ಮೊದಲಿನಿಂದ ಏಳುತ್ತಿತ್ತು. ಮೋಟರು ಹೊರಡುವಾಗ ಗಬಕ್ಕನೆ ಕರೆಂಟು ಎಳೆಯುತ್ತದೆ, ವೈಫೈ ರೇಡಿಯೊ ಕೂಡ ಅದೇ ಹೊತ್ತಿಗೆ ಕೈಚಾಚುತ್ತದೆ, ವೋಲ್ಟೇಜು ಕುಸಿಯುತ್ತದೆ. ಮೋಟರಿಗೆ ಪ್ರತ್ಯೇಕ ಬ್ಯಾಟರಿ ಕೊಟ್ಟು ಗ್ರೌಂಡ್ ತಂತಿಯನ್ನು ಮಾತ್ರ ಒಂದು ಮಾಡಿದೆ: ಪಾಲಾದ ಅಣ್ಣತಮ್ಮಂದಿರಿಗೆ ಒಲೆ ಬೇರೆ, ಬಾವಿ ಒಂದೇ. ಇಬ್ಬರೂ ತೆಪ್ಪಗಾದರು.

ಉಳಿದದ್ದು ವೈಫೈ. ಇಎಸ್‌ಪಿ32ಗೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಒಂದೇ; 5 ಗಿಗಾಹರ್ಟ್ಸ್ ಅದರ ಕಿವಿಗೇ ಬೀಳುವುದಿಲ್ಲ. ನಮ್ಮ ರೂಟರಾದರೋ ಎರಡಕ್ಕೂ ಒಂದೇ ಹೆಸರಿಟ್ಟುಕೊಂಡು, ಬಂದವರನ್ನು ತನಗೆ ತೋಚಿದ ಕಡೆ ಕೂರಿಸುತ್ತಿತ್ತು. ಇಂಟರ್ನೆಟ್ ಕೊಟ್ಟವರ ಸಹಾಯವಾಣಿಗೆ ಫೋನು ಮಾಡಿ "ರೋಬೊಟ್ ಕನೆಕ್ಟ್ ಆಗ್ತಿಲ್ಲ" ಎಂದೆ. "ಯಾವ ಕಂಪನಿ ಟಿವಿ ಮೇಡಂ?" ಎಂದಳು ಆ ಹುಡುಗಿ. ಟಿವಿಯಲ್ಲ, ರೋಬೊಟ್ಟು ಎಂದೆ. "ಸರಿ ಮೇಡಂ, ಟಿವಿ ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಮಾಡಿದೆ. ಧಾರಾವಾಹಿ ತಪ್ಪಿದ ನಮ್ಮತ್ತೆ ಅಂದೆಲ್ಲ ನನ್ನೊಡನೆ ಮಾತಾಡಲಿಲ್ಲ.

ಕೊನೆಗೆ ಅಣ್ಣನ ಮಗನೇ ದಾರಿ ತೋರಿಸಿದ. "ಅತ್ತೆ, 2.4ಕ್ಕೆ ಬೇರೆ ಹೆಸರು ಕೊಡಿ. ಸಿಂಪಲ್."

ಹೆಸರಿಡುವುದನ್ನು ಸಿಂಪಲ್ ಎನ್ನುವವನಿಗೆ ಇನ್ನೂ ಮದುವೆಯಾಗಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫೋನು ತೆರೆದರೆ ಸಾಲಾಗಿ ಕಾಣುವ ವೈಫೈಗಳನ್ನು ನೋಡಬೇಕು. ಒಬ್ಬರದ್ದು ಫ್ಲ್ಯಾಟ್ ನಂಬರು, ಒಬ್ಬರದ್ದು ನಾಯಿಯ ಹೆಸರು, ಮತ್ತೊಬ್ಬರದ್ದು ಕಂಪನಿಯೇ ಇಟ್ಟ ಗೊತ್ತುಗುರಿಯಿಲ್ಲದ ಅಂಕಿ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ವರ್ಷಾನುಗಟ್ಟಲೆ ಕನ್ನಡ ಪುಸ್ತಕಗಳ ಕರಡು ತಿದ್ದಿದವಳು ಆ ಸಾಲಿಗೆ ಇನ್ನೊಂದು ಸೇರಿಸಲೇ? ಕನ್ನಡದ ಲಿಪಿಯಲ್ಲಿ, ತವರೂರಿನ ಮರ್ಯಾದೆಗೆ ತಕ್ಕಂತೆ 'ಮೈಸೂರ್‌ಪಾಕ್' ಎಂದಿಡಲು ನಿಶ್ಚಯಿಸಿದೆ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ನಾಲ್ವಡಿಯವರಿಗೆಂದು ಮಾಡಿದ ಸಿಹಿ ಎನ್ನುತ್ತಾರೆ. ಮೂಲೆಯಲ್ಲಿ ದೂಳು ತಿನ್ನುವ ರೂಟರೊಂದಕ್ಕೆ ಇದಕ್ಕಿಂತ ದೊಡ್ಡ ಬಿರುದು ಉಂಟೇ?

ರೂಟರು ಒಲ್ಲೆ ಎಂದಿತು. ಹೆಸರು ಉದ್ದವಾಯಿತಂತೆ.

ಉದ್ದ! ಮೈ, ಸೂ, ರ್, ಪಾ, ಕ್. ಎಳೆದು ಓದಿದರೂ ಐದು. ಪರೀಕ್ಷೆಗೆಂದು ಇಂಗ್ಲಿಷ್ ಅಕ್ಷರಗಳಲ್ಲಿ 'ಶ್ರೀಲಕ್ಷ್ಮೀವೆಂಕಟೇಶ್ವರನಿಲಯ' ಎಂದು ಹೊಡೆದೆ. ಬಾಯಿ ಚಪ್ಪರಿಸಿ ನುಂಗಿತು. ದೇವರನ್ನು ಸಪತ್ನೀಕನಾಗಿ, ಮನೆಸಮೇತ ನುಂಗಿದ್ದಕ್ಕೆ ಅಂಗೈಯಗಲದ ಸಿಹಿ ಗಂಟಲಲ್ಲಿ ಸಿಕ್ಕಿಕೊಳ್ಳುವುದೆಂದರೇನು?

ಹುಡುಕಿದಾಗ ತಿಳಿಯಿತು, ವೈಫೈ ಹೆಸರಿಗೆ ಗರಿಷ್ಠ ಮಿತಿ 32 ಬೈಟು, 1997ರಲ್ಲಿ 802.11 ಎಂಬ ಮೊದಲ ನಿಯಮಾವಳಿ ಬಂದಾಗಿನಿಂದಲೂ ಹಾಗೇ. "ಬೈಟೂನಾ? ಹಾಗಾದ್ರೆ ಇಬ್ಬರಿಗೆ 64 ಸಿಗಬೇಕು" ಎಂದು ನಮ್ಮವರು ಕಾಫಿ ಲೋಟದಿಂದಲೇ ತೀರ್ಪು ಕೊಟ್ಟರು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಚಿಹ್ನೆಗೆ ಮೂರು. ಈ ಯುಟಿಎಫ್-8 ಲೆಕ್ಕವನ್ನು 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬಿಬ್ಬರು ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತು, ತಟ್ಟೆಯಡಿ ಹಾಸುವ ಕಾಗದದ ಮೇಲೆ ಗೀಚಿದರು. ಗಾಂಧಿಬಜಾರಿನ ಯಾವುದಾದರೂ ದರ್ಶಿನಿಯಲ್ಲಿ ನಿಂತಿದ್ದರೆ ಗೀಚಲು ಕಾಗದವೂ ಇರುತ್ತಿರಲಿಲ್ಲ, ಹಿಂದಿನವರು ಜಾಗ ಬಿಡಿ ಎನ್ನದೆ ಇರುತ್ತಿರಲಿಲ್ಲ.

ಹಳೆಯ ಕರಡಿನ ಹಿಂಬದಿಯಲ್ಲಿ ಕೆಂಪು ಪೆನ್ನು ಹಿಡಿದು ಎಣಿಸಿದೆ. ಮ, ಒಂದು. ಅದರ ಐತ್ವ, ಎರಡು. ಸ, ಮೂರು. ದೀರ್ಘದ ಕೊಂಬು, ನಾಲ್ಕು. ರ, ಐದು. ಅದರ ನಕಾರಪೊಲ್ಲು, ಆರು. ಪ, ಏಳು. ಇಳಿ, ಎಂಟು. ಕ, ಒಂಬತ್ತು. ಅದರ ಪೊಲ್ಲು, ಹತ್ತು. ಹತ್ತು ಮೂರ್ಲೆ ಮೂವತ್ತು. 32ರಲ್ಲಿ ಎರಡು ಉಳಿಯಬೇಕು! ಪೆನ್ನು ಬದಲಿಸಿ ಎಣಿಸಿದೆ. ನಮ್ಮತ್ತೆಯವರನ್ನು ಕೂರಿಸಿ ಬೆರಳ ಗೆಣ್ಣಿನಲ್ಲಿ ಎಣಿಸಿದೆ. ಧಾರಾವಾಹಿಯ ಸಿಟ್ಟು ಮರೆತು ಅವರೂ ಮೂವತ್ತೇ ಎಂದರು. ರೂಟರಿನ ಲೆಕ್ಕವೇ ಕೆಟ್ಟಿದೆಯೆಂದು ಅತ್ತೆಸೊಸೆ ಒಮ್ಮತಕ್ಕೆ ಬಂದೆವು. ನಮ್ಮ ಮನೆಯಲ್ಲಿ ಇದು ಅಪರೂಪ.

ಫೋನಿನ ಆ ಕಡೆ ಅಣ್ಣನ ಮಗ ನಕ್ಕ. "ಅತ್ತೆ, ನಡುವೆ ಒಂದು ಝೀರೋ ವಿಡ್ತ್ ನಾನ್ ಜಾಯ್ನರ್ ಇರುತ್ತೆ. ಕಾಣಲ್ಲ ಅಷ್ಟೆ."

ಕಾಣುವುದಿಲ್ಲ, ಆದರೆ ಇದೆ; ಅಗಲವಿಲ್ಲ, ಆದರೆ ಮೂರು ಬೈಟು. ಉಪನಿಷತ್ತಿಗೆ ಬಿಟ್ಟರೆ ಇಂಥ ಮಾತು ಕಂಪ್ಯೂಟರಿಗೇ ಸರಿ. ರ್ ಮುಂದೆ ಪಾ ಬಂದರೆ ಕಂಪ್ಯೂಟರು ಸುಮ್ಮನಿರದೆ ಅರ್ಕಾವೊತ್ತು ಅಂಟಿಸುತ್ತದೆ. ಅಂಟಿಸಬೇಡವೆಂದು ತಡೆಯಲು ನಡುವೆ ಈ ಅದೃಶ್ಯನನ್ನು ನಿಲ್ಲಿಸಬೇಕು. ಹನ್ನೊಂದು ಮೂರ್ಲೆ ಮೂವತ್ತಮೂರು. ಒಂದೇ ಒಂದು ಬೈಟು ಹೆಚ್ಚು.

ನಾನು ಕೆಲಸ ಕಲಿತದ್ದು ಮೊಳೆ ಜೋಡಿಸುವ ಅಚ್ಚುಕೂಟದಲ್ಲಿ. ಅಲ್ಲಿಯೂ ಕಾಣದವು ಇದ್ದವು. ಪದಗಳ ನಡುವಿನ ಖಾಲಿ ಜಾಗಕ್ಕೆ ಸೀಸದ ಮೋಟು ತುಂಡು ಕೂರಿಸಬೇಕು. ಮಸಿ ಮುಟ್ಟದು, ಕಾಗದದಲ್ಲಿ ಮೂಡದು, ಆದರೆ ಅದಿಲ್ಲದಿದ್ದರೆ ಇಡೀ ಸಾಲು ಕುಸಿಯುತ್ತದೆ. ಅದನ್ನು ಕೂರಿಸುತ್ತಿದ್ದ ಕಂಪೋಸಿಟರುಗಳ ಹೆಸರು ಪುಸ್ತಕದ ಯಾವ ಪುಟದಲ್ಲೂ ಇರುತ್ತಿರಲಿಲ್ಲ. ಕಂಪ್ಯೂಟರು ಬಂದ ಮೇಲೆ ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಅವರಲ್ಲೊಬ್ಬರು ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಬೀಗದ ಕೈ ಮಾಡುತ್ತಿದ್ದರು. ಮಾತಾಡಿಸಿದರೆ ನಕ್ಕು, ಕರಡು ಹೇಗೆ ಬರ್ತಿದೆಯಮ್ಮ ಈಗ, ಎಂದು ಕೇಳುತ್ತಿದ್ದರು.

ಇರಲಿ. ಅದೃಶ್ಯನನ್ನು ಕಿತ್ತು 'ಮೈಸೂರ್ಪಾಕ್' ಎಂದು ಹೊಡೆದೆ. ಸರ್ಪ, ದರ್ಪ, ಮೈಸೂರ್ಪ! ರೂಟರು ಒಪ್ಪಿತು, ಫೋನು ಒಪ್ಪಿತು, ನಾಲ್ವಡಿಯವರು ಒಪ್ಪುತ್ತಿದ್ದರೆಂದು ನನಗನ್ನಿಸುವುದಿಲ್ಲ. ರೋಬೊಟ್ ಮಾತ್ರ ಪರದೆಯ ತುಂಬ ಚುಕ್ಕಿ ಹಾಕುತ್ತ ಕೂತಿತು. ವೈಫೈ ಸಿಗುವ ತನಕ ಒಂದೊಂದೇ ಚುಕ್ಕಿ ಹಾಕುತ್ತಿರು ಎಂಬುದು ಎಲ್ಲರೂ ನಕಲು ಮಾಡಿಕೊಳ್ಳುವ ಪ್ರೋಗ್ರಾಮಿನ ಕ್ರಮ. ಕಾರಣ ಘನವಾದದ್ದೇ: ರೂಟರಿಗೆ ಬಾಗಿದ ನನ್ನ ಬೆರಳು ಪ್ರೋಗ್ರಾಮಿನಲ್ಲಿ ಬಾಗಿರಲಿಲ್ಲ. ಅಲ್ಲಿ 'ಮೈಸೂರ್‌ಪಾಕ್' ಎಂದು ಅಚ್ಚುಕಟ್ಟಾಗಿ, ಅದೃಶ್ಯನ ಸಮೇತ ಬರೆದಿದ್ದೆ. ಇನ್ನೊಬ್ಬರ ಪುಸ್ತಕದಲ್ಲಿ ಕೆಂಪು ಮಸಿಯಿಂದ ಹೊಡೆದು ಹಾಕುವ ಅಕ್ಷರವನ್ನು ನನ್ನ ಪ್ರೋಗ್ರಾಮಿನಲ್ಲಿ ಬರೆಯಲೇ? ರೋಬೊಟ್ ಬೇಕಾದರೆ ನಿಂತಲ್ಲೇ ನಿಂತಿರಲಿ.

ಚುಕ್ಕಿಗಳು ಸಾಲು ಮುಗಿಸಿ ಮುಂದಿನ ಸಾಲಿಗೆ ಇಳಿದವು. ನಮ್ಮವರು ಪೇಪರು ಮಡಿಸಿಟ್ಟು ಬಂದು ನನ್ನ ಭುಜದ ಮೇಲಿಂದ ನೋಡಿದರು. "ಏನೇ, ನಮ್ಮಜ್ಜಿ ಮೈಸೂರುಪಾಕ ಅಂತಿದ್ರು. ಬಸ್ಸು, ಕಾರು, ಬ್ಯಾಂಕು, ಮೈಸೂರುಪಾಕ. ಹಾಗೆ ಬರೆದ್ರೆ ಆಗಲ್ವಾ?"

ಎಣಿಸಿದೆ. ಪೊಲ್ಲು ಒಂದೂ ಇಲ್ಲ, ಅಂಟಿಕೊಳ್ಳುವ ಭಯವಿಲ್ಲ, ಅದೃಶ್ಯನಿಗೆ ಕೆಲಸವೇ ಇಲ್ಲ. ಒಂಬತ್ತು ಮೂರ್ಲೆ ಇಪ್ಪತ್ತೇಳು. ಐದು ಬೈಟು ಉಳಿತಾಯ. ವಿಜ್ಞಾನದಲ್ಲಿ ಆಸಕ್ತಿಯಿಲ್ಲದವರಿಂದ ವಿಜ್ಞಾನಕ್ಕೆ ಆಗುವ ಉಪಕಾರವನ್ನು ಸಹಿಸುವುದು ಬಹಳ ಕಷ್ಟ. "ನಾನೂ ಅದನ್ನೇ ಯೋಚಿಸ್ತಿದ್ದೆ" ಎಂದೆ.

ರೋಬೊಟ್ ಹೊರಟಿತು. ಕನ್ನಡಕ ಹೊತ್ತು ಹಾಲಿನ ಅರ್ಧ ದಾರಿ ಬಂದು ಡೋರ್‌ಮ್ಯಾಟಿಗೆ ಸಿಕ್ಕಿ ಅಲ್ಲೇ ಗಿರಕಿ ಹೊಡೆಯಿತು. ಅದು ಮೆಕ್ಯಾನಿಕಲ್ ವಿಭಾಗದ ಪ್ರಶ್ನೆ. ನೆಟ್‌ವರ್ಕ್ ವಿಭಾಗದ ಕೆಲಸ ಅಲ್ಲಿಗೆ ಮುಗಿದಿತ್ತು.

ಮುಗಿಯಿತೆಂದುಕೊಂಡೆ. ಮರುವಾರ ಮೇಲಿನ ಮನೆಯ ಸೊಸೆ ಬಾಗಿಲು ತಟ್ಟಿದಳು. ಫೋನಿನಲ್ಲಿ 'ಮೈಸೂರುಪಾಕ' ಕಂಡು ಅವರ ಮಾವನಿಗೂ ಕನ್ನಡಾಭಿಮಾನ ಕೆರಳಿ ತಮ್ಮ ವೈಫೈಗೆ 'ಬಿಸಿಬೇಳೆಬಾತ್' ಎಂದಿಡಲು ಹಟ ಹಿಡಿದಿದ್ದಾರಂತೆ, ರೂಟರು ಕೇಳುತ್ತಿಲ್ಲವಂತೆ. ಕೆಂಪು ಪೆನ್ನು ತಂದು ಅವಳೆದುರೇ ಎಣಿಸಿದೆ: ಹನ್ನೆರಡು ಮೂರ್ಲೆ ಮೂವತ್ತಾರು. "ಬಾತ್ ಬಿಡಿ. ಬರೀ 'ಬಿಸಿಬೇಳೆ' ಅಂತಿಡಿ, ಇಪ್ಪತ್ತನಾಲ್ಕು ಬೈಟು, ಆರಾಮಾಗಿ ಹಿಡಿಸುತ್ತೆ" ಎಂದೆ, ಡಾಕ್ಟರು ಉಪ್ಪು ಬಿಡಿ ಎನ್ನುವ ಗತ್ತಿನಲ್ಲಿ.

"ಫೀಸು ಎಷ್ಟು ಆಂಟಿ?" ಎಂದು ನಕ್ಕಳು.

"ಒಂದು ಬಟ್ಟಲು" ಎಂದೆ. "ಬಾತ್ ಸಮೇತ."