ಹೊಟ್ಟೆ ಸಾಫಾಯಿತೇ?

ನಾಗಪುರದ ಮೇ ತಿಂಗಳಲ್ಲಿ ಎರಡೇ ಸುದ್ದಿ: ಬಿಸಿಲು 45 ಡಿಗ್ರಿ ಮುಟ್ಟಿತೇ, ಮನೆಯ ಹಿರಿಯರಿಗೆ ಹೊಟ್ಟೆ ಸಾಫಾಯಿತೇ. ಮೊದಲನೆಯದು ಪೇಪರಿನಲ್ಲಿ ಬರುತ್ತದೆ. ಎರಡನೆಯದನ್ನು ಧರಂಪೇಠದ ವಾಕಿಂಗ್ ಬಳಗವೇ ಬಿತ್ತರಿಸುತ್ತದೆ. ಧಾರವಾಡದಿಂದ ಬ್ಯಾಂಕಿನ ಕೆಲಸಕ್ಕೆ ಬಂದು ಇಲ್ಲೇ ನೆಲೆಯೂರಿದ ನಮ್ಮ ರಾಯರು ಆ ಬಳಗದ ಪ್ರಧಾನ ವರದಿಗಾರರು.

ಬೆಳಿಗ್ಗೆ ತರ್ರಿ ಪೋಹಾ, ಹೊತ್ತುಹೊತ್ತಿಗೆ ಚಹಾ. "ನೀರು ಕುಡೀರಿ ರಾಯರ" ಎಂದರೆ, "ಚಹಾದಾಗ ಇರೋದು ಮತ್ತೇನು, ಚಿಮಣಿ ಎಣ್ಣಿಯೇನು?" ಎನ್ನುತ್ತಾರೆ. ಬೆವರಿ ನೀರು ಕಳೆದುಕೊಂಡ ಮೈ ದೊಡ್ಡಕರುಳಿನಲ್ಲಿ ಉಳಿದಿದ್ದನ್ನೂ ಹೀರಿಕೊಳ್ಳುತ್ತದೆ. ಅಪವಾದ ಮಾತ್ರ ವಯಸ್ಸಿನ ಮೇಲೆ.

ರಾತ್ರಿ ಇಸಬ್‌ಗೋಲ್. ಒಣ ಹೊಟ್ಟನ್ನು ಬಾಯಿಗೆ ಹಾಕಿ, ಮೇಲೆ ಗುಟುಕು ನೀರು ಕುಡಿದು ಹಾಸಿಗೆ! ಗುಜರಾತಿನ ಉಂಝಾ ಮಾರುಕಟ್ಟೆಯಿಂದ ಜಗತ್ತಿಗೆಲ್ಲ ಹೋಗುವ ಈ ಹೊಟ್ಟಿನ ಕಸುಬೇ ನೀರು ಕುಡಿದು ಉಬ್ಬುವುದು. ಕೊಡದಿದ್ದರೆ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಂಡು ಕೂರುತ್ತದೆ. ತುಂಬಿದ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಬೇಕು, ಕುಡಿದೊಡನೆ ಮಲಗಬಾರದು, ಬೇರೆ ಮಾತ್ರೆಗಳಿಂದ 2 ಗಂಟೆ ದೂರ ಇಡಬೇಕು.

ಅದೂ ಸೋತರೆ ರಾಯರು ಚೂರ್ಣದ ಡಬ್ಬಿ ತೆಗೆಯುತ್ತಾರೆ. "ಗಿಡಮೂಲಿಕಿ ಅದ, ಏನೂ ಆಗಂಗಿಲ್ಲ." ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಸೋನಾಮುಖಿ ಎಂದಿರುತ್ತದೆ. ಅದೂ ಅಂಗಡಿಯ ಬಿಸಾಕೊಡಿಲ್ ಮಾತ್ರೆಯೂ ಒಂದೇ ಜಾತಿ: ಕರುಳನ್ನು ಕೆರಳಿಸಿ 6ರಿಂದ 12 ಗಂಟೆಯಲ್ಲಿ ಓಡಿಸುತ್ತವೆ. ಅಪರೂಪಕ್ಕೆ ಸರಿ. ಡಾಕ್ಟರನ್ನು ಕೇಳದೆ ದಿನಾ ನುಂಗಿದರೆ ಹೊಟ್ಟೆನುಲಿತ, ಭೇದಿ. ಅದರ ಜೊತೆ ಮೈಯ ನೀರು, ಪೊಟ್ಯಾಸಿಯಂ ಕೂಡ ಹೊರಟುಹೋಗುತ್ತವೆ.

ನಿಜವಾದ ರಾದ್ಧಾಂತ ಶುರುವಾದದ್ದು ಸೊಸೆ ಬಸುರಿಯಾದಾಗ. ಬಸುರಿನಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಕರುಳಿನ ನಡಿಗೆಯನ್ನೇ ನಿಧಾನ ಮಾಡುತ್ತದೆ. ಮೇಲೆ ದಿನಕ್ಕೊಂದು ಕಬ್ಬಿಣದ ಮಾತ್ರೆ. ಸರಕಾರಿ ಲೆಕ್ಕದಲ್ಲಿ 180 ದಿನ. ಸುದ್ದಿ ಮುಟ್ಟಿದ್ದೇ ತಡ, ಹುಬ್ಬಳ್ಳಿಯಿಂದ ಅತ್ತೆಮ್ಮ ಹರಳೆಣ್ಣೆ ಬಾಟಲಿಯೊಂದಿಗೆ ಇಳಿದರು. "ನಾವೆಲ್ಲಾ ಇದನ್ನ ಕುಡದ ಹಡದಿಲ್ಲೇನು?"

ಹಡೆದಿದ್ದೀರಿ ಅತ್ತೆಮ್ಮ, ಆದರೆ ಅದೇ ತಕರಾರು! ಹರಳೆಣ್ಣೆಯ ರಿಸಿನೋಲಿಕ್ ಆಮ್ಲ ಕರುಳಷ್ಟೇ ಅಲ್ಲ, ಗರ್ಭಕೋಶವನ್ನೂ ಹಿಂಡಬಲ್ಲದು. ಬಸುರಿಗೆ ಅದು ಬೇಡವೇ ಬೇಡ ಎಂದರು ಧಂತೋಲಿಯ ಡಾಕ್ಟರು. ಮೊದಲು ನೀರು, ನಾರಿನ ಊಟ, ನಡಿಗೆ. ಆಮೇಲೆ ಲೋಟ ತುಂಬ ನೀರಿನ ಇಸಬ್‌ಗೋಲ್. ಸಾಲದಿದ್ದರೆ ಲ್ಯಾಕ್ಟುಲೋಸ್ ಸಿರಪ್. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ, ಕರುಳಿಗೆ ನೀರೆಳೆದು ಮಲ ಮೆತ್ತಗಾಗಿಸುತ್ತದೆ. ಒಂದೆರಡು ದಿನ ಕಾಯಬೇಕು, ಸ್ವಲ್ಪ ಗ್ಯಾಸ್ ಸಹಿಸಬೇಕು. ಕಬ್ಬಿಣದ ಮಾತ್ರೆಯನ್ನು ಮಾತ್ರ ತಾನಾಗಿ ನಿಲ್ಲಿಸುವಂತಿಲ್ಲ, ಒಗ್ಗದಿದ್ದರೆ ಬದಲಿಸಿಕೊಡುತ್ತಾರೆ. ಜೋರು ಹೊಟ್ಟೆನೋವು, ವಾಂತಿ, ರಕ್ತ ಕಂಡರೆ ಬಸುರಿಯಾಗಲಿ ರಾಯರಾಗಲಿ, ಭೇದಿ ಔಷಧಿ ಮುಟ್ಟದೆ ಆಸ್ಪತ್ರೆಗೆ ನಡೆಯಬೇಕು.

ನಮ್ಮ ಜನರ ಲೆಕ್ಕವೇ ಬೇರೆ: ಅಡುಗೆಮನೆಯಲ್ಲಿದ್ದರೆ ಸಾಧು, ಮೆಡಿಕಲ್ ಶಾಪಿನಲ್ಲಿದ್ದರೆ ರಾಕ್ಷಸ. ಅತ್ತೆಮ್ಮ ಲ್ಯಾಕ್ಟುಲೋಸನ್ನು ಬೆರಳ ತುದಿಯಲ್ಲಿ ನೆಕ್ಕಿ ತೀರ್ಪು ಕೊಟ್ಟರು: "ಇಷ್ಟು ಸಿಹಿ ಇದ್ರ ಔಷಧ ಹೆಂಗಾತು? ಕುಡದರ ಮಾರಿ ಕಿವಚಬೇಕು!"