ಬಾಯಿಯೇ ಬ್ಯಾಂಡ್‌ಸೆಟ್ಟು

ವಾದ್ಯವಿಲ್ಲದೆ ಬರೀ ಗಂಟಲಲ್ಲೇ ಹಾಡುವ ಅಕಪೆಲ್ಲಾ ಎಂದರೆ ಪೆಂಟಾಟೋನಿಕ್ಸ್ ತಂಡ ಮಾತ್ರ ಎಂದುಕೊಂಡವರು ಪೆಟ್ರಾ ಹೇಡನ್ ಹೆಸರನ್ನೊಮ್ಮೆ ಹುಡುಕಬೇಕು. ಬ್ರಿಟನ್ನಿನ 'ದ ಹೂ' ರಾಕ್ ತಂಡದ 1967ರ ಆಲ್ಬಂ 'ದ ಹೂ ಸೆಲ್ ಔಟ್' ಇದೆಯಲ್ಲ, ಅದನ್ನು ಇಡಿಯಾಗಿ ಈಕೆ ಒಬ್ಬಳೇ ಹಾಡಿ 2005ರಲ್ಲಿ ಹೊರತಂದಳು. ಸಂಗೀತಗಾರ ಮೈಕ್ ವಾಟ್ ಕೊಟ್ಟ ಎಂಟು ಟ್ರ್ಯಾಕಿನ ರೆಕಾರ್ಡರು. ಒಂದರಲ್ಲಿ ಮೂಲ ಆಲ್ಬಂ, ಉಳಿದ ಏಳು ಖಾಲಿ. ತುಂಬಿಸು ತಾಯಿ! ಗಿಟಾರೂ ಬಾಯಲ್ಲೇ, ಡ್ರಮ್ಮೂ ಬಾಯಲ್ಲೇ. ಹಾಡುಗಳ ನಡುವಿನ ತಮಾಷೆ ಜಾಹೀರಾತುಗಳನ್ನೂ ಬಿಟ್ಟಿಲ್ಲ ಮಹಾರಾಯ್ತಿ. ಅಪ್ಪ ಚಾರ್ಲಿ ಹೇಡನ್ ಜಾಜ್ ಲೋಕದ ಹೆಸರಾಂತ ಬಾಸ್ ವಾದಕ. ಆ ಆಳೆತ್ತರದ ವಾದ್ಯ ಹೊರುವ ತಾಪತ್ರಯ ಈ ಆಲ್ಬಮ್ಮಿನ ಮಟ್ಟಿಗಾದರೂ ಮಗಳಿಗೆ ತಪ್ಪಿತು.

ಹುಡುಕಬೇಕಾದ ಇನ್ನೊಂದು ಹೆಸರು ಬ್ರೂಕ್ಲಿನ್ನಿನ 'ಪರ್ಸುವೇಷನ್ಸ್', 1962ರಲ್ಲಿ ಹುಟ್ಟಿದ ಅಕಪೆಲ್ಲಾ ತಂಡ. ಇವರ ಹಾಡನ್ನು ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಕೇಳಿದ್ದು ಫೋನಿನಲ್ಲಿ! ಮೆಚ್ಚಿ, 1970ರಲ್ಲಿ ಇವರ ಆಲ್ಬಮ್ಮನ್ನೇ ತಂದ. (ನಮ್ಮ ಫೋನಿಗೆ ಬರುವುದು ಸಾಲ ಬೇಕಾ ಎನ್ನುವ ರಾಗ ಮಾತ್ರ.) ತಂಡದ ಜಿಮ್ಮಿ ಹೇಯ್ಸ್‌ನ ಮಂದ್ರ ದನಿ ಕೇಳಿದ ಮೇಲೆ ಬಾಸ್ ಗಿಟಾರು ದಂಡದ ಖರ್ಚು ಅನ್ನಿಸುತ್ತದೆ.

ಪೆಟ್ರಾಳನ್ನೂ ಈ ತಂಡವನ್ನೂ ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಜೊತೆಗೆ ಬಾಯಲ್ಲಿ ಡ್ರಮ್ಮು ಬಾರಿಸುವ ಹುಮ್ಮಸ್ಸು ಬಂದರೆ ಮಾತ್ರ, ದಯವಿಟ್ಟು, ಬಸ್ಸಿನಲ್ಲಿ ಬೇಡ.